ಹನ್ನೆರಡು ಎಂ.ಎಂ. ಅಂದರೆ ಹನ್ನೆರಡಲ್ಲ

ಆರ್ಕಿಟೆಕ್ಚರ್ ಓದುವವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ಇಂಥ ಪೋಸ್ಟರ್‌ಗಳನ್ನು ನೀವೂ ನೋಡಿರುತ್ತೀರಿ. ಕಪ್ಪು ಹಿನ್ನೆಲೆ, ಅದರ ಮೇಲೆ ಜೇಡರ ಬಲೆಯಂಥ ಬಿಳಿ ಗೆರೆಗಳು, ಕೆಳಗೆ "ಕಂಪ್ಯುಟೇಶನಲ್ ಡಿಸೈನ್ ಮತ್ತು ಡಿಜಿಟಲ್ ಫ್ಯಾಬ್ರಿಕೇಶನ್, ಮೂರು ದಿನದ ಹ್ಯಾಂಡ್ಸ್-ಆನ್ ವರ್ಕ್‌ಶಾಪ್". ಹ್ಯಾಂಡ್ಸ್-ಆನ್ ಅಂದರೆ ಕೈಯಾರೆ ಮಾಡಿ ಕಲಿಯುವುದು. ಯಾರ ಕೈ ಅನ್ನುವುದು ಮಾತ್ರ ಪೋಸ್ಟರಿನಲ್ಲಿ ಇರುವುದಿಲ್ಲ. ಈ ಬರಹ ಅದರ ಬಗ್ಗೆ.

ನಾನು ಆರ್ಕಿಟೆಕ್ಟ್ ಅಲ್ಲ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೋಡು ಬರೆದುಕೊಂಡು, ಔಟರ್ ರಿಂಗ್ ರೋಡಿನಲ್ಲಿ ಅರ್ಧ ಆಯುಷ್ಯ ಕಳೆಯುತ್ತಿರುವ ಲಕ್ಷಾಂತರ ಜನರಲ್ಲಿ ಒಬ್ಬ. ಇಂಥದ್ದೊಂದು ವರ್ಕ್‌ಶಾಪಿಗೆ ನಾನು ಹೋಗಿದ್ದು ಪೈಥಾನ್ ಗೊತ್ತು ಅನ್ನುವ ಒಂದೇ ಅರ್ಹತೆಯ ಮೇಲೆ. ಒಂದು ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ, "ಹುಡುಗರು ಸ್ಕ್ರಿಪ್ಟಲ್ಲಿ ಸಿಕ್ಕಿಹಾಕ್ಕೊಂಡ್ರೆ ಬಿಡಿಸೋಕೆ ಒಬ್ರು ಬೇಕು, ಮೂರು ದಿನ ಬಾರೋ, ಊಟ ಕೊಡಿಸ್ತೀನಿ" ಅಂದಳು. ಊಟ ಅಂದ ಮೇಲೆ ಇಲ್ಲ ಅನ್ನೋಕಾಗುತ್ತಾ?

ಮೊದಲ ದಿನವೆಲ್ಲ ಗ್ರಾಸ್‌ಹಾಪರ್. ರೈನೋ ಎಂಬ ತ್ರೀ-ಡಿ ಸಾಫ್ಟ್‌ವೇರಿನ ಜೊತೆ ಓಡುವ ಪ್ರೋಗ್ರಾಮು ಇದು. ಖಡ್ಗಮೃಗದ ಬೆನ್ನ ಮೇಲೆ ಮಿಡತೆ! 2007ರಲ್ಲಿ ಡೇವಿಡ್ ರಟನ್ ಎಂಬಾತ ಇದನ್ನು ಹೊರತಂದಾಗ ಇದರ ಹೆಸರು 'ಎಕ್ಸ್‌ಪ್ಲಿಸಿಟ್ ಹಿಸ್ಟರಿ' ಅಂತಿತ್ತು. 2018ರಲ್ಲಿ ಬಂದ ರೈನೋ 6ರಿಂದ ಅದರೊಳಗೇ ಸೇರಿಕೊಂಡು ಬರುತ್ತಿದೆ. ಇದರಲ್ಲಿ ನೀವು ಗೆರೆ ಎಳೆಯುವುದಿಲ್ಲ, ಗೆರೆ ಹೇಗೆ ಹುಟ್ಟಬೇಕು ಅನ್ನುವ ನಿಯಮ ಬರೆಯುತ್ತೀರಿ. ಎಕ್ಸೆಲ್‌ನಲ್ಲಿ ಒಂದು ಖಾನೆಯ ಸಂಖ್ಯೆ ಬದಲಿಸಿದರೆ ಅದನ್ನು ನೆಚ್ಚಿಕೊಂಡ ಖಾನೆಗಳೆಲ್ಲ ತಾವೇ ಬದಲಾಗುತ್ತವಲ್ಲ, ಹಾಗೆ. ಒಂದು ಸ್ಲೈಡರ್ ಎಳೆದರೆ ಇಡೀ ಕಟ್ಟಡ ಉಬ್ಬುತ್ತದೆ, ಕುಗ್ಗುತ್ತದೆ, ಬಳುಕುತ್ತದೆ. ನೋಡುವುದಕ್ಕೇ ಮಜಾ.

ನಾವು ಮಾಡಬೇಕಿದ್ದದ್ದು ಕಾಲೇಜಿನ ಅಂಗಳಕ್ಕೆ ಪ್ಲೈವುಡ್ಡಿನ ಒಂದು ಕಮಾನು, ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು. ಕಮಾನಿನ ಆಕಾರ ಎಲ್ಲಿಂದ ಬರುತ್ತದೆ ಅನ್ನುವ ಕತೆ ನನಗೆ ಬಹಳ ಹಿಡಿಸಿತು. ಎರಡು ತುದಿ ಹಿಡಿದು ಒಂದು ಸರಪಳಿಯನ್ನು ಜೋಲುಬಿಡಿ. ಅದರಲ್ಲಿ ಇರುವುದು ಎಳೆತ ಮಾತ್ರ. ಅದೇ ಗೆರೆಯನ್ನು ತಲೆಕೆಳಗು ಮಾಡಿದರೆ ಒತ್ತಡ ಮಾತ್ರ ಇರುವ ಕಮಾನು ಸಿಗುತ್ತದೆ. ಸ್ಪ್ರಿಂಗಿನ ನಿಯಮಕ್ಕೆ ನಾವು ಮಾರ್ಕು ತಗೊಂಡಿದ್ದೆವಲ್ಲ, ಅದೇ ರಾಬರ್ಟ್ ಹುಕ್ 1675ರಲ್ಲಿ ಇದನ್ನು ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಅಚ್ಚುಹಾಕಿಸಿದ್ದ. ಬಿಡಿಸಿದ ಉತ್ತರ ಹೊರಬಂದದ್ದು ಅವನು ತೀರಿಕೊಂಡ ಮೇಲೆ. ಬಾರ್ಸಿಲೋನಾ ಹತ್ತಿರದ ಕೊಲೋನಿಯಾ ಗುಯೆಲ್‌ನ ಚರ್ಚಿಗಾಗಿ ಗೌಡಿ ಎಂಬ ಮಹಾಶಯ ದಾರಗಳನ್ನು ತೂಗುಬಿಟ್ಟು, ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿ, ಹತ್ತನೇ ಒಂದರ ಅಳತೆಯಲ್ಲಿ ಮಾದರಿ ಮಾಡಿದ. ಅದಕ್ಕೆ ಹಿಡಿದದ್ದು ಸುಮಾರು ಹತ್ತು ವರ್ಷ. 1908ರಲ್ಲಿ ಕಟ್ಟಲು ಶುರುಮಾಡಿದರೂ ಕೊನೆಗೆ ಎದ್ದಿದ್ದು ಕೆಳಗಿನ ಭಾಗ ಮಾತ್ರ. ಈಗ ಡೇನಿಯಲ್ ಪೈಕರ್ ಬರೆದ ಕಾಂಗರೂ ಎಂಬ ಪ್ಲಗಿನ್‌ನಲ್ಲಿ ಅದೇ ತೂಗುಬಿಡುವ ಆಟ ಕೆಲವೇ ಸೆಕೆಂಡಿನ ಕೆಲಸ. (ಖಡ್ಗಮೃಗ, ಮಿಡತೆ, ಕಾಂಗರೂ... ಇವರೆಲ್ಲ ಮೃಗಾಲಯದ ಪಕ್ಕ ಆಫೀಸು ಮಾಡಿದ್ದಾರೋ ಏನೋ!)

ಆದರೆ ಗೌಡಿಯ ದಾರಕ್ಕೆ ತೂಕ ಇತ್ತು. ಕಂಪ್ಯೂಟರಿನ ಗೆರೆಗೆ ತೂಕವೂ ಇಲ್ಲ, ದಪ್ಪವೂ ಇಲ್ಲ. ಎರಡನೇ ದಿನ ಬೆಳಿಗ್ಗೆ ಟೆಂಪೋದಲ್ಲಿ ಪ್ಲೈವುಡ್ ಬಂದಿಳಿದಾಗ ನಿಜವಾದ ಪಾಠ ಶುರುವಾಯಿತು.

ಕಮಾನನ್ನು ಅಡ್ಡ ಪಟ್ಟಿ, ಉದ್ದ ಪಟ್ಟಿಗಳಾಗಿ ಸೀಳಿದ್ದರು. ಪಟ್ಟಿ ಪಟ್ಟಿ ಸೇರುವಲ್ಲೆಲ್ಲ ಒಂದೊಂದು ಸ್ಲಾಟು, ಅಂದರೆ ಒಂದಕ್ಕೊಂದು ಕಚ್ಚಿಕೊಂಡು ಕೂರುವ ಸೀಳು. ಮೊಳೆ ಇಲ್ಲ, ಗೋಂದು ಇಲ್ಲ. ಇನ್ನೂರಕ್ಕೂ ಹೆಚ್ಚು ಸ್ಲಾಟುಗಳು, ಒಂದರ ಹಾಗೆ ಇನ್ನೊಂದಿಲ್ಲ. ಮೆಷಿನ್ನಿಗೆ ಅದರಿಂದ ಬೇಜಾರಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದವರು 2010ರಲ್ಲಿ 6.5 ಮಿ.ಮೀ. ಪ್ಲೈವುಡ್ ಪಟ್ಟಿಗಳನ್ನು ಬಗ್ಗಿಸಿ ಕಟ್ಟಿದ ಮಂಟಪದಲ್ಲಿ ಬೇರೆ ಬೇರೆ ಆಕಾರದ 500ಕ್ಕೂ ಹೆಚ್ಚು ತುಂಡುಗಳಿದ್ದವಂತೆ.

ಕಾಲೇಜಿನ ಮರಗೆಲಸದ ಶೆಡ್ಡಿನಲ್ಲಿ ಒಬ್ಬರು ಆಚಾರ್ರು ಇದ್ದರು. ಅರವತ್ತು ದಾಟಿದವರು, ಕಿವಿಯ ಮೇಲೆ ಪೆನ್ಸಿಲ್ಲು. ಮೂರು ದಿನದ ಮಟ್ಟಿಗೆ ಶೀಟು ಎತ್ತಿಡಲು, ಉಜ್ಜಲು ದಿನಗೂಲಿಯ ಮೇಲೆ ಕರೆಸಿದ್ದರು. ಅವರು ಶೀಟುಗಳ ಅಂಚಿನ ಮೇಲೆ ಬೆರಳಾಡಿಸುತ್ತಾ, "ಇವೆಲ್ಲ ಹನ್ನೆರಡು ಅಂತ ಬರ್ದಿದ್ದೀರಾ ಸಾರ್? ಹನ್ನೆರಡು ಅಂದ್ರೆ ಹನ್ನೆರಡಲ್ಲ" ಅಂದರು.

ಕ್ಯಾಲಿಪರ್ ಹಾಕಿ ನೋಡಿದರೆ ಕೆಲವು 11.4, ಕೆಲವು 11.8. ಒಂದೇ ಅಂಗಡಿಯ ಮಾಲು. ಮಳೆಗಾಲದಲ್ಲಿ ತೇವ ಕುಡಿದರೆ ಇನ್ನೂ ಬೇರೆಯಂತೆ. ಅರ್ಧ ಮಿಲಿಮೀಟರಿಗೆ ಇಷ್ಟು ರಾದ್ಧಾಂತವೇ ಅಂದುಕೊಳ್ಳಬೇಡಿ, ಲೆಕ್ಕ ಹಾಕಿ. ಸ್ಲಾಟಿನ ಆಳ 60 ಮಿ.ಮೀ., ಅದರೊಳಗೆ 0.6 ಮಿ.ಮೀ. ಸಡಿಲ. ಅಂದರೆ ನೂರಕ್ಕೆ ಒಂದರಷ್ಟು ವಾಲಬಹುದು. ಎಲ್ಲ ಸ್ಲಾಟುಗಳೂ ಅಷ್ಟೇ ಸಡಿಲವಿದ್ದರೆ ಪಟ್ಟಿಗಳೆಲ್ಲ ಒಟ್ಟಿಗೆ ಒಂದೇ ಕಡೆ ವಾಲುತ್ತವೆ. 2.4 ಮೀಟರ್ ಎತ್ತರದಲ್ಲಿ ಅದು 24 ಮಿ.ಮೀ., ಹತ್ತಿರ ಹತ್ತಿರ ಒಂದಿಂಚು! ಬಿಗಿಯಾದರೆ ಇನ್ನೂ ಕಷ್ಟ, ಕೊಡತಿಯಲ್ಲಿ ಹೊಡೆದರೆ ಪದರ ಬಿಟ್ಟುಕೊಳ್ಳುತ್ತದೆ.

ಪಾಠ ಹೇಳುತ್ತಿದ್ದವರು ಒಂದು ಚೂರು ಪ್ಲೈವುಡ್ಡಿಗೆ 11.4, 11.6, 11.8, 12 ಹೀಗೆ ಬಾಚಣಿಗೆಯ ಹಲ್ಲಿನಂತೆ ಸ್ಲಾಟು ಕೊರೆಸಿದರು. ಯಾವುದು ಸರಿ? ಹುಡುಗರು ಒಂದೊಂದು ಹೇಳಿದರು. ಆಚಾರ್ರು ಒಂದು ತುಂಡನ್ನು ಒಂದೊಂದರಲ್ಲೂ ತೂರಿಸಿ ತೆಗೆದು, "ಕೈಯಲ್ಲಿ ಒತ್ತಿದ್ರೆ ಹೋಗ್ಬೇಕು, ಕೈ ಬಿಟ್ರೆ ನಿಲ್ಬೇಕು" ಅಂತ ಒಂದನ್ನು ತೋರಿಸಿದರು. ಇದಕ್ಕಿಂತ ಚೆನ್ನಾಗಿ ಟಾಲರೆನ್ಸ್ ಅನ್ನುವುದನ್ನು ನನಗೆ ನಾಲ್ಕು ವರ್ಷದ ಎಂಜಿನಿಯರಿಂಗಿನಲ್ಲಿ ಯಾರೂ ಹೇಳಿರಲಿಲ್ಲ.

ಈಗ ನನ್ನ ಸರದಿ. ಒಂದು ಸ್ಲಾಟಿನ ಅಗಲ ಅದು ಇರುವ ಪಟ್ಟಿಯ ದಪ್ಪವಲ್ಲ, ಅದರೊಳಗೆ ಬಂದು ಕೂರುವ ಪಟ್ಟಿಯ ದಪ್ಪ. ಶೀಟುಗಳಲ್ಲೇ ಎರಡು ದಪ್ಪ ಇದ್ದರೆ, ಯಾವ ಪಟ್ಟಿ ಯಾವ ಶೀಟಿನದು, ಅದರ ಎದುರಿನ ಪಟ್ಟಿ ಯಾವ ಶೀಟಿನದು ಅಂತ ಪ್ರತಿ ಸ್ಲಾಟಿಗೂ ಹುಡುಕಬೇಕು. ಒಳ್ಳೇ ಡಿಕ್ಷನರಿ ಲುಕಪ್ ಕೆಲಸ ಅಂತ ಖುಷಿಯಿಂದ ಲ್ಯಾಪ್‌ಟಾಪ್ ತೆರೆದೆ. ಆಚಾರ್ರು ಬಗ್ಗಿ ನೋಡಿ, ಏನು ಮಾಡ್ತಿದ್ದೀರಿ ಅಂತ ಕೇಳಿದರು. ವಿವರಿಸಿದೆ. "ಅದ್ಯಾಕೆ ಸಾರ್ ಅಷ್ಟೊಂದು? ತೆಳ್ಳಗಿನ ಶೀಟೆಲ್ಲ ಅಡ್ಡಕ್ಕೆ, ದಪ್ಪದ್ದೆಲ್ಲ ಉದ್ದಕ್ಕೆ ಇಟ್ಕೊಳ್ಳಿ" ಅಂದರು.

ಅಷ್ಟೇ! ಎರಡು ಗುಡ್ಡೆ, ಎರಡು ಸ್ಲೈಡರ್. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಹುಡುಗಿಯೊಬ್ಬಳು ಎರಡು ಸಂಖ್ಯೆ ಬದಲಿಸಿದಳು, ಇನ್ನೂರು ಸ್ಲಾಟುಗಳೂ ಕಣ್ಣೆದುರೇ ತಿದ್ದಿಕೊಂಡವು. ಕೈಯಿಂದ ನಕ್ಷೆ ಬರೆದಿದ್ದರೆ ಅದಕ್ಕೊಂದು ವಾರ ಬೇಕು. ಕಂಪ್ಯೂಟರಿನ ಹೆಚ್ಚುಗಾರಿಕೆ ಅಲ್ಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟು ಸಂಖ್ಯೆ, ಯಾವ ಸಂಖ್ಯೆ ಅಂತ ಹೇಳಿದ್ದು ಯಾರು?

ರಾತ್ರಿ ರೌಟರ್ ಮೆಷಿನ್ ಕೊರೆಯುತ್ತಿದ್ದಾಗ ಆಚಾರ್ರು ಮನೆಗೆ ಹೋಗದೆ ನೋಡುತ್ತಾ ನಿಂತಿದ್ದರು. ದುಂಡಗೆ ತಿರುಗುವ ಬಿಟ್ಟು ಒಳಮೂಲೆಯನ್ನು ಚೌಕ ಮಾಡಲಾರದು, ಮೂಲೆ ಗುಂಡಗೆ ಉಳಿಯುತ್ತದೆ. ಅದಕ್ಕೇ ಮೂಲೆಯಲ್ಲಿ ಒಂಚೂರು ಹೊರಗೆ ಹೋಗಿ ಬರುವ ಹಾಗೆ ಕೊರೆಸುತ್ತಾರೆ, ಆ ಗುರುತು ನಾಯಿ ಕಚ್ಚುವ ಮೂಳೆಯ ಹಾಗಿರುತ್ತದೆ ಅಂತ ಡಾಗ್‌ಬೋನ್ ಅನ್ನುತ್ತಾರೆ. ಅವರು ಅದನ್ನು ನೋಡಿ ತಲೆದೂಗಿದರು. ಆಮೇಲೆ ಕೇಳಿದರು, "ಇದನ್ನ ಕಲಿಯೋಕೆ ಎಷ್ಟು ದಿನ ಬೇಕು ಸಾರ್?"

ಮೆಷಿನ್ ಬಂದರೆ ಕೆಲಸ ಹೋಗುತ್ತಾ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಎಷ್ಟು ದಿನ ಬೇಕು ಅಂತ. ಇದೇ ತರಹ ಮೂರ್ನಾಲ್ಕು ದಿನದಲ್ಲಿ ಶುರುಮಾಡಬಹುದು ಅಂದೆ. ಈ ಹುಡುಗರು ಎಷ್ಟು ಫೀಸು ಕೊಟ್ಟಿದ್ದಾರೆ ಅಂದರು. ಆರೂವರೆ ಸಾವಿರ. "ನಂದೊಂದು ವಾರದ ಕೂಲಿ" ಅಂತ ನಕ್ಕು ಸುಮ್ಮನಾದರು.

ಮೂರನೇ ದಿನ ಸಂಜೆ ಕಮಾನು ನಿಂತಿತು. ಫೋಟೋ ಆಯಿತು, ಸರ್ಟಿಫಿಕೇಟು ಆಯಿತು. ಪಕ್ಕದ ಬೋರ್ಡಿನಲ್ಲಿ ಕಲಿಸಿದವರ ಹೆಸರು, ಕಲಿತವರ ಹೆಸರು, ಸಾಫ್ಟ್‌ವೇರಿನ ಹೆಸರು, ಪುಗಸಟ್ಟೆ ಊಟ ಮಾಡಿದ ನನ್ನ ಹೆಸರೂ ಇತ್ತು. ಆಚಾರ್ರದ್ದು ಇರಲಿಲ್ಲ. ಕೇಳಿದರೆ, "ಅವ್ರು ಪಾರ್ಟಿಸಿಪೆಂಟೂ ಅಲ್ಲ, ಫ್ಯಾಕಲ್ಟಿನೂ ಅಲ್ವಲ್ಲ" ಅಂದರು ಆಯೋಜಕರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ಪಟ್ಟಿಯಲ್ಲಿ ಮೂರನೆಯ ಖಾನೆಯೇ ಇರಲಿಲ್ಲ.

ಬೇರೆ ಕಡೆ ಇದೆ. 2016ರ ವೆನಿಸ್ ಬಿಯೆನಾಲೆಯಲ್ಲಿ ಜ್ಯೂರಿಕ್‌ನ ಇಟಿಹೆಚ್ ಸಂಶೋಧಕರು 399 ಸುಣ್ಣಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿದ 'ಆರ್ಮಡಿಲೊ ವಾಲ್ಟ್' ಎಂಬ ಕಮಾನು ಇಟ್ಟಿದ್ದರು. ಅದರ ಕರ್ತೃಗಳ ಸಾಲಿನಲ್ಲಿ ಎಂಜಿನಿಯರುಗಳ ಜೊತೆ ಟೆಕ್ಸಾಸಿನ ಕಲ್ಲುಕೆಲಸದವರ ಕಂಪನಿ ಎಸ್ಕೊಬೆಡೊ ಗ್ರೂಪಿನ ಹೆಸರೂ ಇದೆ. ಅಷ್ಟು ದೂರ ಯಾಕೆ? ಅಮೆರಿಕದ ಹೊರಗೆ ಮೊದಮೊದಲು ಶುರುವಾದ ಫ್ಯಾಬ್ ಲ್ಯಾಬ್‌ಗಳಲ್ಲಿ ಒಂದು ಪುಣೆ ಹತ್ತಿರದ ಪಾಬಳ ಎಂಬ ಹಳ್ಳಿಯಲ್ಲಿದೆ. 2002ರಲ್ಲಿ ಅದು ಬಂದದ್ದು ಹಳ್ಳಿಯ ಹುಡುಗರಿಗೆ ಕೈಕೆಲಸದ ಮೂಲಕವೇ ಪಾಠ ಹೇಳುವ ವಿಜ್ಞಾನ ಆಶ್ರಮಕ್ಕೆ. ಇನ್ನು ನಮ್ಮ ಬೇಲೂರಂತೂ ಗೊತ್ತೇ ಇದೆ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾರೆ. ಒಂಬೈನೂರು ವರ್ಷದ ಹಿಂದೆ ಇದ್ದ ಖಾನೆ ಈಗ ಯಾಕಿಲ್ಲ?

ನಮ್ಮ ಸಾಫ್ಟ್‌ವೇರಿನವರನ್ನು ಎಷ್ಟು ಬೈದರೂ ಒಂದು ವಿಷಯದಲ್ಲಿ ಮೆಚ್ಚಬೇಕು. ಗಿಟ್‌ನಲ್ಲಿ ಒಂದು ಕಾಮಾ ತಿದ್ದಿದವನ ಹೆಸರೂ ಉಳಿಯುತ್ತದೆ. ಗ್ರಾಸ್‌ಹಾಪರ್ ಫೈಲಿನಲ್ಲಿ ಟಿಪ್ಪಣಿ ಬರೆಯಲು ಹಳದಿ ಬಣ್ಣದ ಪ್ಯಾನೆಲ್ ಇರುತ್ತದೆ. ಹೊರಡುವ ಮುಂಚೆ ಆ ಎರಡು ಸ್ಲೈಡರ್‌ಗಳ ಪಕ್ಕ ಒಂದು ಪ್ಯಾನೆಲ್ ಇಟ್ಟು, ಈ ಅಳತೆ ಹೇಳಿದವರು ಯಾರು ಅಂತ ಆಚಾರ್ರ ಪೂರ್ತಿ ಹೆಸರು ಬರೆದು ಬಂದೆ. ಫೈಲು ಮುಂದಿನ ಬ್ಯಾಚಿಗೂ ಹೋಗುತ್ತದೆ.

ಅಷ್ಟರಿಂದ ಏನೂ ಆಗಿಬಿಡಲ್ಲ, ಗೊತ್ತು. ಇಂಥ ವರ್ಕ್‌ಶಾಪುಗಳಲ್ಲಿ ಇಪ್ಪತ್ತು ಸೀಟಿದ್ದರೆ ಎರಡನ್ನು ಫೀಸಿಲ್ಲದೆ, ಕೂಲಿಯನ್ನೂ ಕೊಟ್ಟು, ಬಡಗಿಗಳಿಗೆ ಬಿಡಬಹುದು. ಒಂದು ಗಂಟೆ ಪಾಠ ಅವರಿಂದಲೇ ಹೇಳಿಸಬಹುದು. ಗೆಳತಿಗೆ ಹೇಳಿದ್ದೇನೆ, ಮುಂದಿನ ಸಲ ಕೇಳಿ ನೋಡ್ತೀನಿ ಅಂದಿದ್ದಾಳೆ. ಒಪ್ಪಿದರೆ ಆ ಎರಡು ಸೀಟಿನವರಿಗೆ ಕನ್ನಡದಲ್ಲಿ ಗ್ರಾಸ್‌ಹಾಪರ್ ಹೇಳಿಕೊಡುವ ಕೆಲಸ ನನ್ನದು. ನಿಮ್ಮಲ್ಲಿ ಯಾರಿಗಾದರೂ ಕೈಜೋಡಿಸುವ ಮನಸ್ಸಿದ್ದರೆ ತಿಳಿಸಿ. ಊಟ ಮಾತ್ರ ಗ್ಯಾರಂಟಿ.