ದೆವ್ವಗಳ ಸಹವಾಸದಲ್ಲಿ ಒಂದು ವರ್ಷ

ಕಳೆದ ವರ್ಷ ನೀವು ಓದಿದ ಪುಸ್ತಕ, ನೋಡಿದ ಸಿನಿಮಾಗಳಲ್ಲಿ ಮನಸ್ಸಿಗೆ ಹಿಡಿಸಿದವು ಯಾವುವು, ಒಂದು ಲೇಖನ ಬರೆದುಕೊಡಿ ಎಂದು ನಮ್ಮ ಪತ್ರಿಕೆಯ ಸಂಪಾದಕರು ಕೇಳಿದಾಗ ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಮಡಿಸಿದ ಬೆರಳುಗಳಲ್ಲೆಲ್ಲ ದೆವ್ವಗಳೇ ಕುಳಿತಿದ್ದುವು. ಸಂಕೋಚದಿಂದಲೇ ಅವರಿಗೆ ಹಾಗೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಪ್ಪತ್ತು ದಾಟಿದ ಮೇಲೆ ದೇವರ ಹಿಂದೆ ಬಿದ್ದವರನ್ನು ಕಂಡಿದ್ದೇನೆ, ದೆವ್ವದ ಹಿಂದೆ ಬಿದ್ದವರು ನೀವೊಬ್ಬರೇ. ಆಗಲಿ, ಅದನ್ನೇ ಬರೆಯಿರಿ" ಎಂದರು. ಆದ್ದರಿಂದ ಈ ಬರೆಹದ ಹೊಣೆ ಅರ್ಧ ನನ್ನದು, ಅರ್ಧ ಅವರದು.

ಹೆದರಿಕೆಗೂ ನನಗೂ ಹಳೆಯ ಪರಿಚಯ. ಉಡುಪಿಯ ಕಡೆಯ ನಮ್ಮ ಹಳ್ಳಿಯ ಗದ್ದೆಯಲ್ಲಿ 'ಶ್ರೀ ದೇವಿ ಮಹಾತ್ಮೆ' ಬಯಲಾಟವನ್ನು ನಾನು ಮೊದಲು ನೋಡಿದಾಗ ನನಗೆ ಆರೋ ಏಳೋ ವರ್ಷ. ಆ ಪ್ರಸಂಗದಲ್ಲಿ ಮಹಿಷಾಸುರನು ಎಲ್ಲರಂತೆ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವವನಲ್ಲ. ಕುಳಿತವರ ಬೆನ್ನ ಹಿಂದಿನ ಕತ್ತಲೆಯಿಂದ, ದೊಂದಿಗಳ ಬೆಳಕಿನಲ್ಲಿ, ಆರ್ಭಟಿಸುತ್ತ ಜನರ ನಡುವೆಯೇ ನುಗ್ಗಿ ಬರುತ್ತಾನೆ. ನಾನು ಪಕ್ಕದಲ್ಲಿದ್ದ ಯಾರೋ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದೆ. ಆಕೆ ಯಾರು, ಯಾವ ಊರಿನವಳು ಎಂದು ನನಗೆ ಈಗಲೂ ತಿಳಿಯದು. ಆದರೆ ಆಕೆಯ ಸೀರೆಗೆ ಹೊಗೆಸೊಪ್ಪಿನ ವಾಸನೆ ಇದ್ದಿತೆಂಬುದು ನೆನಪಿದೆ. ಹೆದರಿಕೆ ಬಂದಾಗ ಪರರೂ ನಮ್ಮವರಾಗುತ್ತಾರೆ ಎಂಬ ಪಾಠವನ್ನು ಆ ರಾತ್ರಿಯೇ ಕಲಿತೆನೆನ್ನಬೇಕು.

ನಮ್ಮ ಮನೆಯಲ್ಲಿ ದೆವ್ವದ ಖಾತೆಯನ್ನು ನೋಡಿಕೊಳ್ಳುತ್ತಿದ್ದವಳು ನನ್ನಾಕೆ. ಹಿಂದುಮುಂದಾದ ಪಾದಗಳ ಹೆಂಗಸು, ಹುಣಿಸೆಮರದ ಕೆಳಗೆ ಸುಣ್ಣ ಕೇಳುವವಳು, ಎಲ್ಲರನ್ನೂ ಅವಳು ಊರಿನಿಂದ ದಹಿಸರಿಗೆ ಕರೆದುಕೊಂಡು ಬಂದಿದ್ದಳು. ಮೊಮ್ಮಗಳು ಮಗುವಾಗಿದ್ದಾಗ ಅವಳ ತೊಡೆಯ ಮೇಲೆ ಕುಳಿತು ಇವರೆಲ್ಲರ ಪರಿಚಯ ಮಾಡಿಕೊಂಡಳು. 2024ರ ನವೆಂಬರಿನಲ್ಲಿ ನನ್ನಾಕೆ ತೀರಿಕೊಂಡಳು. ಚಿಕ್ಕದೆಂದು ನಲವತ್ತು ವರ್ಷ ದೂರುತ್ತಿದ್ದ ನಮ್ಮ ಎರಡು ಕೋಣೆಯ ಮನೆ ಒಮ್ಮೆಲೇ ದೊಡ್ಡದಾಯಿತು. ರಾತ್ರಿ ಅಡಿಗೆಮನೆಯ ದೀಪ ಆರಿಸಲು ನಾನು ಹೆದರುತ್ತಿದ್ದೆ. ಅವಳು ಅಲ್ಲಿರಬಹುದೆಂದು ಅಲ್ಲ, ಇರಲಾರಳೆಂದು.

ಮಗ, ಸೊಸೆ ಮೀರಾ ರೋಡಿನಲ್ಲಿರುತ್ತಾರೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಜನವರಿಯಿಂದ ಮೊಮ್ಮಗಳು ಪ್ರತಿ ಶನಿವಾರ ನನ್ನಲ್ಲಿಗೆ ಬರತೊಡಗಿದಳು. ಅವಳಿಗೆ ಹದಿಮೂರು ವರ್ಷ. ಕನ್ನಡ ಮಾತು ಬರುತ್ತದೆ, ಅಕ್ಷರ ಬರುತ್ತಿರಲಿಲ್ಲ. ಬಂದ ಮೊದಲ ದಿನವೇ, "ಅಜ್ಜ, ಹೆದರಿಕೆ ಆಗುವಂಥದ್ದು ಏನಾದರೂ ನೋಡುವ" ಎಂದಳು. ಅಜ್ಜಿ ಬಿಟ್ಟುಹೋದ ಖಾತೆ ನನ್ನ ತಲೆಗೆ ಬಂದಿತು. ಒಂದು ವಾರ ಅವಳ ಆಯ್ಕೆ, ಒಂದು ವಾರ ನನ್ನದು ಎಂದು ಕರಾರಾಯಿತು.

ನನ್ನ ಪಾಲಿಗೆ ನಾನು ಮೊದಲು ಆರಿಸಿದ್ದು 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್ ಮೈಯಲ್ಲಿ ಹೆಣ್ಣಿನ ಪ್ರೇತ ಹೊಕ್ಕು ಆಡುವ ಆ ಚಿತ್ರವನ್ನು ನಾನು, ನನ್ನಾಕೆ ಹೊಸದಾಗಿ ಮದುವೆಯಾದಾಗ ನೋಡಿದ್ದೆವು. ಅವಳು ಅಂದು ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ನಾನು ಆ ಪ್ರೇತಕ್ಕೆ ಇಂದಿಗೂ ಋಣಿ. ಮೊಮ್ಮಗಳು ಮಾತ್ರ ನಡುನಡುವೆ ನಕ್ಕಳು. ಆದರೆ ರಾತ್ರಿ ನೀರು ಕುಡಿಯಲು ಒಬ್ಬಳೇ ಏಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಅವಳ ಪಾಲಿನದು 'ಸ್ಟ್ರೇಂಜರ್ ಥಿಂಗ್ಸ್' ಎಂಬ ಅಮೆರಿಕದ ಧಾರಾವಾಹಿ. 2016ರಲ್ಲಿ ಆರಂಭವಾದ ಇದರ ಕೊನೆಯ ಕಂತುಗಳು 2025ರ ವರ್ಷಾಂತ್ಯಕ್ಕೆ ಬಂದುವು. ರಾಕ್ಷಸನ ಹಲ್ಲು, ಬಾಲ ನೋಡಿ ನನಗೇನೂ ಅನ್ನಿಸಲಿಲ್ಲ. ಆದರೆ ಮೊದಲ ಭಾಗದಲ್ಲಿ ಕಾಣೆಯಾದ ಹುಡುಗನ ತಾಯಿಯೊಬ್ಬಳಿದ್ದಾಳೆ. ಮನೆಯ ದೀಪ ಮಿನುಗಿದರೆ ಮಗನೇ ಮಾತನಾಡುತ್ತಿದ್ದಾನೆಂದು ತಿಳಿದು, ಗೋಡೆಯ ಮೇಲೆ ಅಕ್ಷರಗಳನ್ನು ಬರೆದು, ಒಂದೊಂದು ಅಕ್ಷರಕ್ಕೂ ಒಂದು ದೀಪ ತೂಗಿಬಿಟ್ಟು ಕಾಯುತ್ತಾಳೆ. ಊರಿನವರು ಅವಳಿಗೆ ಹುಚ್ಚೆಂದರು. ನನಗೆ ಹಾಗೆನ್ನಿಸಲಿಲ್ಲ.

ಮೂರನೆಯದು ಮಲೆಯಾಳದ 'ಭ್ರಮಯುಗಂ', 2024ರದು. ಬಣ್ಣದ ಈ ಕಾಲದಲ್ಲಿ ಅದನ್ನು ಕಪ್ಪುಬಿಳುಪಿನಲ್ಲಿ ತೆಗೆದಿದ್ದಾರೆ. ಮನೆಯ ಯಜಮಾನನಾಗಿ ಮಮ್ಮೂಟ್ಟಿ. ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಮೊಮ್ಮಗಳು ಓದಿ ಓದಿ ನನಗೆ ಕನ್ನಡದಲ್ಲಿ ಹೇಳಿದಳು. ಹದಿನೇಳನೆಯ ಶತಮಾನದ ಮಲಬಾರು. ಹಾಡುಗಾರನೊಬ್ಬ ಕಾಡಿನಲ್ಲಿ ದಾರಿ ತಪ್ಪಿ, ಹಸಿದು, ಒಂದು ಹಾಳು ಮನೆಗೆ ಬರುತ್ತಾನೆ. ಯಜಮಾನ ಊಟ ಹಾಕುತ್ತಾನೆ. ಉಂಡವನಿಗೆ ಆ ಮನೆಯಿಂದ ಹೊರಗೆ ಹೋಗಲಾಗುವುದಿಲ್ಲ. ಎಷ್ಟು ದಿನ ಕಳೆಯಿತೆಂಬ ಲೆಕ್ಕವೂ ತಪ್ಪುತ್ತದೆ. ಮೊಮ್ಮಗಳಿಗೆ ಚಾತನ ಹೆದರಿಕೆ. ನನಗೆ ಬೇರೆಯೇ ಹೆದರಿಕೆ. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಈ ಮುಂಬಯಿಗೆ ಬಂದುದು ಎರಡು ಹೊತ್ತಿನ ಊಟಕ್ಕೆ. ಹಗಲು ಹೊಟೇಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿ, ಮೆಟ್ರಿಕ್ ಮುಗಿಸಿ ಗುಮಾಸ್ತನಾದೆ. ಬರುವ ವರ್ಷ ಊರಿಗೆ ಹೋಗಿ ನೆಲೆಸುವುದೆಂದು ಪ್ರತಿ ವರ್ಷವೂ ಅಂದುಕೊಂಡೆ. ಐವತ್ತು ವರ್ಷ ಎಲ್ಲಿ ಹೋಯಿತೆಂದು ಯಾರನ್ನು ಕೇಳಲಿ? ಇದನ್ನು ಓದುತ್ತಿರುವವರಲ್ಲಿ ಆ ಮನೆಯ ಊಟ ಉಂಡವರು ನಾನೊಬ್ಬನೇ ಅಲ್ಲವೆಂದು ಬಲ್ಲೆ.

ಪುಸ್ತಕಗಳ ವಿಷಯಕ್ಕೆ ಬಂದರೆ, ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ಕನ್ನಡಕ್ಕಿಳಿಸಿದ 'ಕಾಡಿನ ಕಥೆಗಳು' ಮಾಲೆಯನ್ನು ಮೊಮ್ಮಗಳಿಗೆ ಓದಿ ಹೇಳಿದೆ. ನಮ್ಮ ದಹಿಸರ್ ನದಿ ಹುಟ್ಟುವುದೇ ಚಿರತೆಗಳಿರುವ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ. ಆದ್ದರಿಂದ 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಓದಿದ ರಾತ್ರಿ ಕೆಳಗೆ ನಾಯಿ ಬೊಗಳಿದರೆ ಇಬ್ಬರೂ ಕಿಟಕಿಯ ಬಳಿಗೆ ಓಡುತ್ತಿದ್ದೆವು. ಒಳ್ಳೆಯ ಜಾಗಕ್ಕೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ, "ಇನ್ನು ಮುಂದಿನ ಶನಿವಾರ" ಎನ್ನುವೆ. ಆ ಸಿಟ್ಟಿಗೆ ಅವಳು ತಾನೇ ಅಕ್ಷರ ಕಲಿಯಲು ಕುಳಿತಳು. ಕನ್ನಡ ಕಲಿಸಲು ನಾನು ಕಂಡ ಅತ್ಯುತ್ತಮ ಉಪಾಯವಿದು. ನಮ್ಮ ಸಂಘದ ಕನ್ನಡ ತರಗತಿಯವರು ಬಳಸಿಕೊಳ್ಳಬಹುದು.

ನಾನೊಬ್ಬನೇ ಓದಿಕೊಂಡದ್ದು ಯಶವಂತ ಚಿತ್ತಾಲರ 'ಶಿಕಾರಿ'. ಅದೂ 1979ರದೇ. ದೆವ್ವವಿಲ್ಲದ ದೆವ್ವದ ಕಥೆಯೆಂದು ಅದನ್ನು ಕರೆಯುತ್ತೇನೆ. ಇದೇ ಮುಂಬಯಿಯಲ್ಲಿ ದೊಡ್ಡ ಕಂಪೆನಿಯ ಅಧಿಕಾರಿ ನಾಗಪ್ಪನನ್ನು ಒಂದು ದಿನ ಕೆಲಸದಿಂದ ಅಮಾನತು ಮಾಡುತ್ತಾರೆ. ಏಕೆಂದು ಅವನಿಗೆ ತಿಳಿಯದು; ಬೇಟೆಯಾಡುವವರು ಯಾರೆಂಬುದೂ ಸ್ಪಷ್ಟವಿಲ್ಲ. ಆಫೀಸಿನ ಜವಾನ ಲಕೋಟೆ ಹಿಡಿದು ಮೇಜಿನ ಕಡೆಗೆ ಬಂದಾಗ ಎದೆ ಧಸಕ್ಕೆಂದ ಅನುಭವವಿರುವವರಿಗೆ ಈ ಕಾದಂಬರಿಯನ್ನು ವಿವರಿಸಬೇಕಾಗಿಲ್ಲ.

ಜುಲೈ ತಿಂಗಳ ಒಂದು ಶನಿವಾರ, ಧಾರಾಕಾರ ಮಳೆ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ್ದ 'ನಾಳೆ ಬಾ' ಕಥೆಯನ್ನು ಹೇಳಿದೆ. ರಾತ್ರಿ ಮನೆಯವರದೇ ಧ್ವನಿಯಲ್ಲಿ ಕರೆದು ಬಾಗಿಲು ಬಡಿಯುವ ದೆವ್ವ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಉತ್ತರ. 2018ರ ಹಿಂದಿ 'ಸ್ತ್ರೀ' ಚಿತ್ರದಲ್ಲಿಯೂ ಇಂಥದೇ ಬರೆಹವಿದೆ. "ದೆವ್ವವನ್ನೂ ಗುಮಾಸ್ತರಂತೆ ಸಾಗಹಾಕಿದರು ನೋಡು" ಎಂದು ನಾನು ನಕ್ಕೆ. ಅವಳು ಕಾಗದ ತೆಗೆದುಕೊಂಡು, ದೊಡ್ಡ ಅಕ್ಷರಗಳಲ್ಲಿ 'ನಾಳೆ ಬಾ' ಎಂದು ಬರೆದು ಬಾಗಿಲಿಗೆ ಅಂಟಿಸಿದಳು. ಯಾರ ಸಹಾಯವೂ ಇಲ್ಲದೆ ಅವಳು ಬರೆದ ಮೊದಲ ಕನ್ನಡ. ನಾನು ಹಿಗ್ಗಿದೆ. ಊಟವಾದ ಮೇಲೆ ನೋಡುತ್ತೇನೆ, ಕಾಗದ ಅವಳ ಕೈಯಲ್ಲಿದೆ.

"ತೆಗೆದೆಯೇಕೆ?" ಎಂದೆ.

"ಅಜ್ಜಿಗೆ ಓದಲು ಬರ್ತದಲ್ಲ ಅಜ್ಜ" ಎಂದಳು.

ನನಗೆ ಮಾತು ಹೊರಡಲಿಲ್ಲ. ಆ ತಿಂಗಳು ನಮಗೆ ಆಟಿ. ತೀರಿಕೊಂಡವರಿಗೆ, ಅವರನ್ನು ನಾವು ತುಳುವಿನಲ್ಲಿ ಕುಲೆಗಳೆನ್ನುತ್ತೇವೆ, ಎಲೆ ಹಾಕಿ ಬಡಿಸುವ ಕಾಲ. ನಮ್ಮ ಕಡೆ ಸತ್ತವರನ್ನು ಹೊಡೆದೋಡಿಸುವುದಕ್ಕಿಂತ ಕರೆದು ಉಣ್ಣಿಸುವುದೇ ಹೆಚ್ಚು. ಎಳವೆಯಲ್ಲಿ ಸತ್ತ ಮಕ್ಕಳಿಗೆ ಪ್ರಾಯ ಬಂದಾಗ ಸಂಬಂಧ ನೋಡಿ ಮದುವೆಯನ್ನೂ ಮಾಡುತ್ತಾರೆ. ಮೂವತ್ತು ವರ್ಷದ ಹಿಂದೆ ತೀರಿದ ಮಗಳಿಗೆ ಪ್ರೇತವರ ಬೇಕೆಂದು 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಓದಿದ ಕೆಲವರು ನಕ್ಕರು. ಮೂವತ್ತು ವರ್ಷವೂ ಆ ಮಗಳ ಪ್ರಾಯವನ್ನು ಲೆಕ್ಕವಿಟ್ಟ ತಾಯಿತಂದೆಯರನ್ನು ನೆನೆದು ನನಗೆ ನಗು ಬರಲಿಲ್ಲ.

ಮುಂದಿನ ವಾರ ನಾವೂ ಬಡಿಸಿದೆವು. ಸೊಸೆ ಪತ್ರೊಡೆ ಮಾಡಿದಳು. ನನ್ನಾಕೆಗೆ ಪ್ರಿಯವಾದ ಒಣಮೀನಿನ ಚಟ್ನಿಯನ್ನು ನಾನೇ ಅರೆದೆ. ಎಲೆಯ ಮುಂದೆ ದೀಪವಿಟ್ಟು, ಬಾಗಿಲನ್ನು ಎಳೆದುಕೊಂಡು ನಾಲ್ವರೂ ಹೊರಗೆ ಮೆಟ್ಟಿಲ ಮೇಲೆ ಕುಳಿತೆವು. ಎದುರುಮನೆಯ ಗುಜರಾತಿ ಬೆಹೆನ್ ಮೂಗು ಮುಚ್ಚಿಕೊಂಡು ಹೊರಗೆ ಬಂದು, ಬೀಗದಕೈ ಕಳೆದುಹೋಯಿತೇ ಎಂದು ವಿಚಾರಿಸಿದರು. "ಇಲ್ಲ, ಅಜ್ಜಿ ಊಟಕ್ಕೆ ಬಂದಿದ್ದಾರೆ" ಎಂದಳು ಮೊಮ್ಮಗಳು. ಅವರು ಒಂದು ಕ್ಷಣ ನಿಂತು, ಮೂಗಿನ ಮೇಲಿನ ಸೆರಗನ್ನು ತೆಗೆದು, ನಮ್ಮ ಜೊತೆಗೆ ಮೆಟ್ಟಿಲ ಮೇಲೆ ಕುಳಿತರು.

ಅದೇ ಆಟಿಯಲ್ಲಿ, ಜುಲೈ 25ರಂದು, 'ಸು ಫ್ರಮ್ ಸೋ' ತೆರೆ ಕಂಡಿತು. ಸೋಮೇಶ್ವರದ ಸುಲೋಚನಾ ಎಂಬುದರ ಸಂಕ್ಷೇಪವದು. ಜೆ. ಪಿ. ತುಮಿನಾಡ್ ಬರೆದು, ನಿರ್ದೇಶಿಸಿ, ತಾವೇ ಆಡಿದ್ದಾರೆ. ಮಾಡಿದ ತಪ್ಪನ್ನು ಮುಚ್ಚಲು ಹುಡುಗನೊಬ್ಬ ಮೈಮೇಲೆ ಸುಲೋಚನಾ ಬಂದಂತೆ ನಟಿಸುತ್ತಾನೆ. ಊರಿಗೆ ಊರೇ ನಡುಗುತ್ತದೆ. ಕೊನೆಗೆ ನಿಜವಾದ ಸುಲೋಚನೆಯ ಮಗಳು ಎದುರು ಬಂದಾಗ, ಸತ್ತವಳಿಗೆ ಹೆದರಿದ ಊರು ಬದುಕಿರುವವಳ ಕಷ್ಟಕ್ಕೆ ಕಿವಿಗೊಡಬೇಕಾಗುತ್ತದೆ. ಹೊಟ್ಟೆ ಹಿಡಿದು ನಕ್ಕೆವು, ಕಣ್ಣೂ ಒರೆಸಿಕೊಂಡೆವು. ವರ್ಷದ ಮೊದಲ ಸ್ಥಾನ ಇದಕ್ಕೇ. ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ಚಿತ್ರವನ್ನೂ ನೋಡಿದೆವು. ಆದರೆ ಅದನ್ನು ಈ ಪಟ್ಟಿಗೆ ಸೇರಿಸಲಾರೆ. ದೈವ ಬೇರೆ, ದೆವ್ವ ಬೇರೆ. ಒಂದರ ಮುಂದೆ ಕೈಮುಗಿಯುತ್ತೇವೆ, ಇನ್ನೊಂದರ ಮುಂದೆ ಕೈ ನಡುಗುತ್ತದೆ. ಇದನ್ನು ಮೊಮ್ಮಗಳಿಗೆ ವಿವರಿಸಲು ಇಡೀ ಒಂದು ಶನಿವಾರ ಹಿಡಿಯಿತು.

ವರ್ಷದ ಲೆಕ್ಕ ಇಷ್ಟು. ಈ ಕಥೆಗಳಲ್ಲೆಲ್ಲ ನಾನು ಕಂಡುಕೊಂಡದ್ದೆಂದರೆ, ಬಾಗಿಲು ಬಡಿಯುವವರೆಲ್ಲ ಕೊಲ್ಲಲು ಬರುವವರಲ್ಲ. ಹೇಳಿಕೊಳ್ಳಲು ಬಂದವರೂ ಇರುತ್ತಾರೆ. ಈಗ ರಾತ್ರಿ ಅಡಿಗೆಮನೆಯ ದೀಪವನ್ನು ನಾನೇ ಆರಿಸುತ್ತೇನೆ. ಆ 'ನಾಳೆ ಬಾ' ಕಾಗದ ನನ್ನ 'ಶಿಕಾರಿ' ಪುಸ್ತಕದೊಳಗಿದೆ. ಲೇಖನಕ್ಕಾಗಿ ಸಂಪಾದಕರು ಎರಡು ಸಲ ಮನೆಗೆ ಬಂದು ಬರಿಗೈಯಲ್ಲಿ ಹೋದಾಗ ಅದನ್ನು ಬಾಗಿಲಿಗೆ ಅಂಟಿಸಲೇ ಎಂದು ಯೋಚಿಸಿದ್ದೆ. ಮೊಮ್ಮಗಳು ಒಪ್ಪಲಿಲ್ಲ.