ಕಟರ್ ಹಿಡಿದ ಕೈಯ ಹದ

ಸಾಗುವಾನಿ ಹಲಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಆ ಗೆರೆಯ ಗುಂಟವೇ ವಿದ್ಯುತ್ ಗರಗಸ ಓಡಿಸಿ, ಎರಡು ತುಂಡೂ ನುಣುಪಾಗಿ ಬೇರೆಯಾಗುವುದನ್ನು ನೋಡುವ ಸುಖ ಮರಗೆಲಸದ ರುಚಿ ಹತ್ತಿದವರಿಗೆ ಗೊತ್ತು. ಬ್ಲೇಡ್ ಹಾಯಾಗಿ ಸಾಗುತ್ತಿದ್ದರೆ ಮೋಟಾರಿನ ಸದ್ದು ಒಂದೇ ಶ್ರುತಿಯಲ್ಲಿರುತ್ತದೆ. ಎಲ್ಲೋ ಒತ್ತಡ ಹೆಚ್ಚಿತೆಂದರೆ ಶ್ರುತಿ ಇಳಿಯುತ್ತದೆ. ಆ ವ್ಯತ್ಯಾಸ ಕಿವಿಗೆ ಸಿಕ್ಕಮೇಲೆಯೇ ಯಂತ್ರ ಕೈಗೆ ಒಗ್ಗುವುದು. ಈ ಕಸುಬನ್ನು ಪ್ರೀತಿಸುವ ನನಗೆ ನೋವು ತರುವ ಮಾತೊಂದಿದೆ: ಸುರಕ್ಷತೆಯ ನಿಯಮಗಳು ಕೆಲಸಕ್ಕೆ ಅಡ್ಡಿ, ಪಾಲಿಸಿದಷ್ಟೂ ಕೈ ನಿಧಾನ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ಮೈ ಕಾಯುವ ಕ್ರಮವೇ ಕೆಲಸಕ್ಕೂ ಅಂದ ಕೊಡುತ್ತದೆ. ಅವೆರಡೂ ಒಂದೇ ಕುಶಲತೆ.

ಹಲಗೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಕೊಯ್ಯುವುದು ನಮ್ಮ ಹಳೆಯ ರೂಢಿ. ಕೈಗರಗಸದ ಕಾಲಕ್ಕೆ ಅದು ಸಾಕಿತ್ತು, ಏಕೆಂದರೆ ತೋಳು ನಿಂತರೆ ಗರಗಸವೂ ನಿಲ್ಲುತ್ತಿತ್ತು. ವಿದ್ಯುತ್ ಗರಗಸ ಹಾಗಲ್ಲ. ಎರಡು ತುದಿಗೆ ಮಾತ್ರ ಆಧಾರ ಕೊಟ್ಟು ನಡುವೆ ಕೊಯ್ದರೆ, ಕೊಯ್ಲು ಮುಗಿಯುತ್ತ ಬಂದಂತೆ ಹಲಗೆ ತನ್ನ ಭಾರಕ್ಕೇ ಬಗ್ಗುತ್ತದೆ, ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಮುಂದೆ ಹೋಗಲಾರದ ಬ್ಲೇಡ್ ಸೀಳಿನಿಂದ ಮೇಲಕ್ಕೆ ಹಾರಿ, ಯಂತ್ರ ಹಿಡಿದವರ ಕಡೆಗೇ ನುಗ್ಗುತ್ತದೆ. ಕೊಯ್ಯುವ ಜಾಗದ ಹತ್ತಿರವೇ ಆಧಾರ ಕೊಟ್ಟು, ಹಲಗೆಯನ್ನು ಕ್ಲ್ಯಾಂಪಿನಿಂದ ಬಿಗಿದು, ಕತ್ತರಿಸಿ ಬೀಳುವ ತುಂಡಿಗೆ ಇಳಿಯಲು ದಾರಿ ಬಿಟ್ಟರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಅದೇ ಕ್ಲ್ಯಾಂಪ್ ಗೆರೆ ವಾಲದಂತೆ ನೋಡಿಕೊಳ್ಳುತ್ತದೆ; ಅದೇ ಆಧಾರ ಹಲಗೆಯ ಕೊನೆಯ ಇಂಚು ಸಿಬಿರೆದ್ದು ಮುರಿಯದಂತೆ ತಡೆಯುತ್ತದೆ. ಮೊಂಡು ಬ್ಲೇಡಿನ ವಿಷಯವೂ ಇಷ್ಟೇ. ಅದನ್ನು ನೂಕಲು ಬಲ ಬೇಕು. ಬಲ ಹಾಕಿದಾಗ ಕೈ ಜಾರುತ್ತದೆ, ಮರದ ಅಂಚೂ ಸುಟ್ಟು ಕಪ್ಪಾಗುತ್ತದೆ. ಹರಿತವಾದ ಬ್ಲೇಡ್ ಬೆರಳನ್ನೂ ಉಳಿಸುತ್ತದೆ, ಅಂಚನ್ನೂ ಉಳಿಸುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಅನುಭವದ್ದು. ಡಿಸ್ಕನ್ನು ಮುಚ್ಚುವ ಗಾರ್ಡ್ ಬಿಚ್ಚಿಟ್ಟು ಹತ್ತಾರು ವರ್ಷ ಗ್ರೈಂಡರ್ ಓಡಿಸಿದ ಮೇಸ್ತ್ರಿಗಳಿಲ್ಲವೇ ಎಂದು ಕೇಳುತ್ತಾರೆ. ಇದ್ದಾರೆ, ಅವರ ಕೈಚಳಕವೂ ದೊಡ್ಡದು. ಆದರೆ ಲೆಕ್ಕ ಹಾಕಿ ನೋಡಿ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಡಿಸ್ಕಿನ ಅಂಚಿನ ವೇಗ ಗಂಟೆಗೆ 200 ಕಿ.ಮೀ. ಮೀರುತ್ತದೆ. ಅಪಾಯ ಕಂಡು ಕೈ ಅಲುಗಲು ಸೆಕೆಂಡಿನ ಐದನೇ ಒಂದು ಭಾಗ ಹಿಡಿಯಿತೆನ್ನಿ, ಅಷ್ಟರಲ್ಲಿ ಡಿಸ್ಕ್ 36 ಸುತ್ತು ಹಾಕಿರುತ್ತದೆ. ಇಲ್ಲಿ ಚಳಕ ಏನು ಮಾಡೀತು? ಅಮೆರಿಕದ ಸ್ಟೀಫನ್ ಗ್ಯಾಸ್ ರೂಪಿಸಿದ ಸಾಸ್ಟಾಪ್ ತಂತ್ರ ಚರ್ಮ ತಾಗಿದ ಸುಮಾರು 5 ಮಿಲಿಸೆಕೆಂಡಿನಲ್ಲಿ ಟೇಬಲ್ ಗರಗಸದ ಬ್ಲೇಡನ್ನು ನಿಲ್ಲಿಸಿಬಿಡುತ್ತದೆ. ಮನುಷ್ಯನ ಕೈ ಅಷ್ಟು ಬೇಗ ಸರಿಯಲಾರದು ಎಂಬುದೇ ಅದರ ತಳಹದಿ. ನಮ್ಮ ಕೈಯಲ್ಲಿರುವ ಕಟರಿಗೆ ಆ ಏರ್ಪಾಡಿಲ್ಲ, ಇರುವುದು ಗಾರ್ಡ್ ಒಂದೇ. ಆದ್ದರಿಂದ ಅದನ್ನು ಬಿಚ್ಚಲೇಬಾರದು, ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವ ಅಭ್ಯಾಸವನ್ನಂತೂ ಬಿಟ್ಟೇಬಿಡಬೇಕು. ಇನ್ನು ಏನೂ ಆಗಲಿಲ್ಲ ಎನ್ನುವ ಅನುಭವಕ್ಕೆ ಕಾಣದ ಹಾನಿಯೂ ಉಂಟು. ಮರದ ಧೂಳು ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1995ರಲ್ಲೇ ಸಾರಿದೆ. ಮೂಗಿಗೆ ಮಾಸ್ಕ್, ಕಿವಿಗೆ ರಕ್ಷಣೆ ಏಕೆ ಬೇಕೆಂಬುದಕ್ಕೆ ಉತ್ತರ ಬಹಳ ವರ್ಷಗಳ ನಂತರವಷ್ಟೇ ಸಿಗುತ್ತದೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ದಿನಗೂಲಿಯವನಿಗೆ, ಗುತ್ತಿಗೆ ಹಿಡಿದವನಿಗೆ ಹೊತ್ತೇ ಹಣ. ಕ್ಲ್ಯಾಂಪ್ ಬಿಗಿಯುತ್ತ ಕೂತರೆ ಹೊಟ್ಟೆ ತುಂಬೀತೇ ಎಂಬ ಮಾತು. ಕ್ಲ್ಯಾಂಪ್ ಬಿಗಿಯಲು ಅರ್ಧ ನಿಮಿಷ ಸಾಕು, ವಾಲಿದ ಹಲಗೆಯನ್ನು ಮತ್ತೆ ಕೊಯ್ಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅದಕ್ಕೂ ಮಿಗಿಲಾಗಿ, ಕೈಯನ್ನೇ ನಂಬಿ ಬದುಕುವವನಿಗೆ ಒಂದು ಬೆರಳು ಹೋದರೆ ಕಸುಬೇ ಹೋದಂತೆ. ಸಲಕರಣೆಯ ಖರ್ಚನ್ನು ಅವನ ಮೇಲೆ ಹೊರಿಸುವುದು ತಪ್ಪು, ಅದು ಕೆಲಸ ಕೊಟ್ಟವರ ಹೊಣೆ. ಹಾಗೆಂದು ಸಿಕ್ಕಿದ್ದನ್ನೆಲ್ಲ ಮೈಗೇರಿಸಿಕೊಂಡರೆ ಕ್ಷೇಮವೆಂದೂ ಅಲ್ಲ. ಡ್ರಿಲ್ಲಿಂಗ್ ಮಷೀನಿನ ತಿರುಗುವ ಬಿಟ್‌ಗೆ ಕೈಗವಸಿನ ಒಂದು ಎಳೆ ಸಿಕ್ಕರೆ ಅದು ಬೆರಳನ್ನೂ ಜೊತೆಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಬರಿಗೈಯೇ ಲೇಸು, ಮಡಚಿದ ಅಂಗಿತೋಳೇ ಲೇಸು. ಯಾವಾಗ ಯಾವುದು ಬೇಕು, ಯಾವುದು ಬೇಡ ಎಂದು ಅರಿಯುವುದೇ ಹದ.

ಹೊಸದಾಗಿ ಯಂತ್ರ ಕೊಳ್ಳುವವರು ಎರಡು ಕ್ಲ್ಯಾಂಪ್, ಒಂದು ಕನ್ನಡಕ, ಒಂದು ಮಾಸ್ಕನ್ನೂ ಅದರ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಮನೆ ಕಟ್ಟಿಸುವವರು ಗಾರ್ಡ್ ಇಲ್ಲದ ಯಂತ್ರವನ್ನು ನಿಮ್ಮ ಅಂಗಳಕ್ಕೆ ಬಿಟ್ಟುಕೊಳ್ಳಬೇಡಿ. ಕಲಿಸುವ ಮೇಸ್ತ್ರಿಗಳೇ, ಹುಡುಗರಿಗೆ ಸ್ವಿಚ್ ಒತ್ತುವುದನ್ನು ಆಮೇಲೆ ಹೇಳಿಕೊಡಿ. ಬ್ಲೇಡಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿಡುವುದು ಅವರ ಮೊದಲ ಪಾಠವಾಗಲಿ.