ರಸೆಲ್ ಮಾರುಕಟ್ಟೆಗೂ ಕಡಲಿನ ಅಲೆಗಳಿಗೂ ಏನು ನಂಟು?

ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ನೆರೆಯಲ್ಲೇ ಇದೆ ರಸೆಲ್ ಮಾರುಕಟ್ಟೆ. 1927ರಲ್ಲಿ ದಂಡು ಪ್ರದೇಶದ ಜನರಿಗಾಗಿ ಕಟ್ಟಿದ ಈ ಕಟ್ಟಡಕ್ಕೆ ಅಂದಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರು. 2012ರಲ್ಲಿ ಬೆಂಕಿಗೆ ಹಲವು ಮಳಿಗೆಗಳು ಆಹುತಿಯಾದರೂ ಮಾರುಕಟ್ಟೆ ಮತ್ತೆ ಚೇತರಿಸಿಕೊಂಡಿತು. ಹಣ್ಣು, ತರಕಾರಿಗಳ ಸಾಲು ದಾಟಿ ಮೀನಿನ ಕಡೆ ಹೊರಳಿದರೆ ಬಂಗುಡೆ, ಅಂಜಲ್, ಸಿಗಡಿಗಳ ರಾಶಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಕಡಲಿನ ವಾಸನೆ!

ಮುಂಗಾರು ಬಂತೆಂದರೆ ಅರಬ್ಬೀ ಸಮುದ್ರ ಉಗ್ರವಾಗುತ್ತದೆ. ಮೀನುಗಳ ಸಂತಾನಾಭಿವೃದ್ಧಿಯೂ ಇದೇ ಕಾಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಉಳಿದ ತಿಂಗಳುಗಳಲ್ಲಿ ಅವು ನೆಚ್ಚಿಕೊಂಡಿರುವುದು ಮಲ್ಪೆಯಂಥ ಬಂದರುಗಳನ್ನು. ಬಂದರಿಗೆ ಅಲೆತಡೆ ಗೋಡೆ ಕಟ್ಟುವ ಎಂಜಿನಿಯರನಿಗೆ ಈ ವರ್ಷದ ಅಲೆ ಗೊತ್ತಿದ್ದರೆ ಸಾಲದು; ಐವತ್ತು, ನೂರು ವರ್ಷಕ್ಕೊಮ್ಮೆ ಬರಬಹುದಾದ ಅಲೆಯ ಅಂದಾಜು ಬೇಕು. ಆದರೆ ಅಲೆ ಅಳೆಯುವ ತೇಲುಬುರುಡೆಗಳ ದಾಖಲೆ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಯಾರೂ ಅಳೆಯದ ಅಲೆಯನ್ನು ತಿಳಿಯುವುದು ಹೇಗೆ?

ಅಲೆಯ ಎತ್ತರವನ್ನು ಮುಖ್ಯವಾಗಿ ನಿರ್ಧರಿಸುವುದು ಮೂರು ಸಂಗತಿಗಳು: ಗಾಳಿಯ ವೇಗ, ಅದು ಬೀಸಿದ ಅವಧಿ, ನೀರಿನ ಮೇಲೆ ಅದು ಕ್ರಮಿಸಿದ ದೂರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವೆರ್‌ಡ್ರುಪ್ ಮತ್ತು ಮಂಕ್ ಎಂಬ ವಿಜ್ಞಾನಿಗಳು ಈ ಲೆಕ್ಕಕ್ಕೆ ಅಡಿಪಾಯ ಹಾಕಿದರು. ಇಂದು ಕಂಪ್ಯೂಟರು ಸಮುದ್ರವನ್ನು ಚೌಕಗಳಾಗಿ ವಿಂಗಡಿಸಿ, ಹಳೆಯ ಗಾಳಿಯ ವಿವರಗಳನ್ನು ಊಡಿಸಿಕೊಂಡು, ಅಂದು ಎದ್ದಿರಬಹುದಾದ ಅಲೆಗಳನ್ನು ಗಂಟೆಗಂಟೆಗೆ ಲೆಕ್ಕಹಾಕುತ್ತದೆ. ಇದಕ್ಕೆ ಹೈಂಡ್‌ಕಾಸ್ಟ್ ಎಂದು ಹೆಸರು, ಮುನ್ಸೂಚನೆಯ ತಿರುಗುಮುರುಗು. ಯುರೋಪಿನ ಹವಾಮಾನ ಕೇಂದ್ರದ 'ಇಆರ್‌ಎ5' ಸಂಗ್ರಹದಲ್ಲಿ ಇಂಥ ವಿವರ 1940ರಿಂದ ಸಿಗುತ್ತದೆ.

ಆದರೂ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ದಡದ ಬಳಿ ನೀರು ಆಳ ಕಡಿಮೆಯಾದಂತೆ ಅಲೆ ಬಾಗುತ್ತದೆ, ಮುರಿಯುತ್ತದೆ. ದೊಡ್ಡ ಚೌಕಗಳಿಗೆ ಈ ಸೂಕ್ಷ್ಮ ಕಾಣದು. ಸಾವಿರಾರು ಕಿ.ಮೀ. ದಕ್ಷಿಣದ ಮಹಾಸಾಗರದಲ್ಲಿ ಹುಟ್ಟಿದ ಉಬ್ಬಲೆಗಳೂ ನಮ್ಮ ತೀರ ಮುಟ್ಟುತ್ತವೆ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹೊನ್ನಾವರ, ಮಲ್ಪೆಗಳ ಬಳಿ ತೇಲುಬುರುಡೆಗಳಿಂದ ಅಳೆದಂಥ ಅಲೆಗಳೇ ಲೆಕ್ಕದ ಒರೆಗಲ್ಲು.

ಅಂದಾಜು ಕಡಿಮೆಯಾದರೆ ತಡೆಗೋಡೆ ಕುಸಿಯುತ್ತದೆ. ಹೆಚ್ಚಾದರೆ ಸಾರ್ವಜನಿಕರ ಹಣ ಪೋಲು. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರಿಗೆ ಇದು ಬರೀ ಗಣಿತವಲ್ಲ. ಗಾಳಿ, ವೇಗ, ದೂರದ ಪಾಠಗಳನ್ನು ಓದುವ ಮಕ್ಕಳಿಗೆ ಅವುಗಳ ಉಪಯೋಗ ತೋರಿಸಬೇಕೆಂದರೆ, ರಸೆಲ್ ಮಾರುಕಟ್ಟೆಯ ಮೀನಂಗಡಿಯ ಮುಂದೆ ನಿಂತು ಈ ಮೀನು ಯಾವ ಬಂದರಿನಿಂದ ಬಂತೆಂದು ವಿಚಾರಿಸಿ ಮಾತು ಆರಂಭಿಸಬಹುದು.